ಚೌಕಿಯಲ್ಲಿ ಹದಿನಾಲ್ಕು ವೇಷ

ಕಳೆದ ಶನಿವಾರದ ಸಿಡಿಲಿಗೆ ನನ್ನ ಕಂಪ್ಯೂಟರ್ ಹೋಯಿತು. ಗುಡುಗು ಶುರುವಾದಾಗಲೇ ಪ್ಲಗ್ ತೆಗೆದಿಡಬೇಕಿತ್ತು, ತೆಗೆಯಲಿಲ್ಲ. ತಪ್ಪು ನನ್ನದೇ. ಐ7-2600, 2011ರಲ್ಲಿ ಬಂದ ಪ್ರೊಸೆಸರ್. ನಾಲ್ಕು ಕೋರು, ಅಂದರೆ ಒಳಗೆ ದುಡಿಯುವ ನಾಲ್ಕು ಘಟಕ; ಎಂಟು ಥ್ರೆಡ್ಡು, ಅಂದರೆ ಒಟ್ಟಿಗೆ ಹಿಡಿಯಬಲ್ಲ ಎಂಟು ಕೆಲಸ. ಅದನ್ನು ತಂದ ಹೊಸತರಲ್ಲಿ ಉಡುಪಿಯ ನಮ್ಮ ಬೀದಿಯಲ್ಲಿ ಅಂಥದ್ದು ಬೇರೆ ಯಾರ ಹತ್ತಿರವೂ ಇರಲಿಲ್ಲ. ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಒಂದು ವಾರವೂ ಉಳಿದಿರಲಿಲ್ಲ. ಮದುವೆ ಕಾಗದ, ಬಯಲಾಟದ ಬ್ಯಾನರು, ಒಂದು ಗೃಹಪ್ರವೇಶ, ನಾನು ಮಾಡಿಕೊಡಬೇಕಾದ ಡಿಸೈನ್ ಎಲ್ಲ ಬಾಕಿ. ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ಅವನೇ ತಿರುಗಿ ಮಾಡಿದ.

"ಅಪ್ಪ, ಹಳೇ ಸರ್ವರ್ ಪ್ರೊಸೆಸರ್ ತಗೊಳ್ಳಿ. ಜಿಯಾನ್ ಇ5-2680 ವಿ4. 14 ಕೋರು, 28 ಥ್ರೆಡ್ಡು! 2016ರಲ್ಲಿ ಬಂದಾಗ ಅದಕ್ಕೆ 1,700 ಡಾಲರಿಗಿಂತ ಜಾಸ್ತಿ ಇತ್ತು. ಈಗ ಪುಕ್ಕಟೆಗೆ ಸಿಕ್ಕಿದ ಹಾಗೆ."

ಅಷ್ಟು ದುಡ್ಡಿನದ್ದು ಇಷ್ಟು ಅಗ್ಗ ಹೇಗೆ ಎಂದು ಕೇಳಿದೆ. ದೊಡ್ಡ ಕಂಪನಿಗಳು ಕೆಲವು ವರ್ಷಕ್ಕೊಮ್ಮೆ ಸರ್ವರ್‌ಗಳನ್ನು ರಾಶಿ ರಾಶಿಯಾಗಿ ಬದಲಾಯಿಸುತ್ತವಂತೆ. ಅದೇ ಜಾಗದಲ್ಲಿ, ಅದೇ ಕರೆಂಟಿನಲ್ಲಿ ಹೊಸದು ಜಾಸ್ತಿ ಕೆಲಸ ಮಾಡುತ್ತದೆ. ಹಳೆಯದು ಹಾಳಾದದ್ದೇನಲ್ಲ, ಪ್ರೊಸೆಸರ್ ಅಷ್ಟು ಸುಲಭಕ್ಕೆ ಸವೆಯುವುದಿಲ್ಲ. ಅದಕ್ಕೆ ಬೇಕಾದ ಎಕ್ಸ್99 ಬೋರ್ಡುಗಳನ್ನು ಚೀನಾದವರು ಹೊಸದಾಗಿಯೇ ಮಾಡಿ ಮಾರುತ್ತಾರೆ. ಮಂಗಳೂರಿನಲ್ಲಿ ಒಬ್ಬರ ಬಳಿ ಜೋಡಿಸಿಟ್ಟದ್ದೇ ಉಂಟು ಎಂದು ಅವನೇ ಪತ್ತೆ ಮಾಡಿ, ದುಡ್ಡೂ ಕಳಿಸಿದ. ಮಗ ಒಳ್ಳೆಯವನು. ದೊಡ್ಡ ಸಂಖ್ಯೆ ಕಂಡರೆ ಮಾತ್ರ ಕರಗಿ ಹೋಗುತ್ತಾನೆ. ಅದು ಯಾರಿಂದ ಬಂತು ಎಂದು ನಾನು ಹೇಳಬೇಕಾಗಿಲ್ಲ.

ಸೋಮವಾರ ಹಳೇ ಹಾರ್ಡ್ ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಎಕ್ಸ್‌ಪ್ರೆಸ್ ಬಸ್ ಹತ್ತಿದೆ. ಹಂಪನಕಟ್ಟೆಯಲ್ಲಿ ಇಳಿದು ಅಂಗಡಿ ಹುಡುಕಿದೆ. ಮೆಟ್ಟಿಲಿನ ಕೆಳಗಿನ ಒಂದು ಗೂಡು. ಕೂರಲು ಸ್ಟೂಲೂ ಇಲ್ಲ. ಒಳಗಿದ್ದವರಿಗೆ ನನ್ನದೇ ಪ್ರಾಯ ಇರಬಹುದು. ತಲೆ ಎತ್ತದೆಯೇ ಕೇಳಿದರು.

"ಕೆಲಸ ಎಂತದು ನಿಮ್ಮದು?"

"14 ಕೋರಿನದ್ದು ಬೇಕಿತ್ತು," ಎಂದೆ.

"ಅದು ಉಂಟು. ಕೆಲಸ ಎಂತದು?"

ಇದೆಂಥ ಗಿರಾಕಿ ಮಾತಾಡಿಸುವ ಕ್ರಮ ಎಂದು ಸಿಟ್ಟು ಬಂತು. ದುಡ್ಡು ಕೊಡುವವನು ನಾನು. ಕೋರೆಲ್‌ನಲ್ಲಿ ಬ್ಯಾನರು, ಕಾಗದ ಮಾಡುತ್ತೇನೆ, ಮೂವತ್ತು ವರ್ಷ ಆಯಿತು ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಅವರು ಆಗ ತಲೆ ಎತ್ತಿದರು. "ಫೈಲ್ ತಂದಿದ್ದೀರಾ?"

ಹಾರ್ಡ್ ಡಿಸ್ಕಿನಲ್ಲಿ ಒಂದು ದೊಡ್ಡ ಬ್ಯಾನರ್ ಇತ್ತು. ಇಡೀ ಮೇಳದ ಕಲಾವಿದರ ಫೋಟೋ ಇರುವಂಥದ್ದು. ಹಳೇ ಮೆಷಿನಿನಲ್ಲಿ ಅದು ತೆರೆಯಲು 40 ಸೆಕೆಂಡ್ ಬೇಕಿತ್ತು. ದಿನಾ ಎಣಿಸಿ ಬಾಯಿಪಾಠ ಆಗಿದೆ. ಅವರು ಅದನ್ನು ಜಿಯಾನಿಗೆ ಹಾಕಿದರು. ನಾನು ಮನಸ್ಸಿನಲ್ಲೇ ಎಣಿಸಿದೆ. ಹತ್ತು, ಇಪ್ಪತ್ತು, ಮೂವತ್ತು. 39ಕ್ಕೆ ತೆರೆಯಿತು.

ನನ್ನ ಸತ್ತ ಮೆಷಿನಿಗೂ ಇದಕ್ಕೂ ಒಂದೇ ಸೆಕೆಂಡಿನ ವ್ಯತ್ಯಾಸ!

"ಇನ್ನೊಮ್ಮೆ ಹಾಕ್ತೇನೆ. ಈಗ ಇಲ್ಲಿ ನೋಡಿ," ಎಂದು ಪ್ರೊಸೆಸರ್ ಎಷ್ಟು ದುಡಿಯುತ್ತದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟರು. ಪರದೆಯ ತುಂಬ 28 ಸಣ್ಣ ಸಣ್ಣ ಚೌಕ, ಒಂದೊಂದು ಥ್ರೆಡ್ಡಿಗೆ ಒಂದೊಂದು. ಒಂದರಲ್ಲಿ ಗೆರೆ ಸ್ವಲ್ಪ ಏಳುತ್ತದೆ, ಇಳಿಯುತ್ತದೆ, ಮತ್ತೆ ಬೇರೆ ಎಲ್ಲೋ ಏಳುತ್ತದೆ. ಉಳಿದವೆಲ್ಲ ಮಲಗಿದ್ದವು. ಒಟ್ಟು ಲೆಕ್ಕ ಪಕ್ಕದಲ್ಲೇ ಇತ್ತು: 5%. ಆ ಮೆಷಿನು ದುಡಿಯುತ್ತಿದ್ದದ್ದು ನೂರಕ್ಕೆ ಐದು, ನಾನು ಕಾಯುತ್ತಿದ್ದದ್ದು ನೂರಕ್ಕೆ ನೂರು. ಮೂರು ದಿನದಿಂದ ಆ 5 ನನ್ನ ಕಣ್ಣ ಮುಂದೆಯೇ ಇದೆ.

"ಚೌಕಿಯಲ್ಲಿ ಹದಿನಾಲ್ಕು ವೇಷ ಕಟ್ಟಿ ಕೂತರೆ ಎಂತ ಪ್ರಯೋಜನ ಮಾರಾಯ್ರೆ? ನಿಮ್ಮ ಪ್ರಸಂಗದಲ್ಲಿ ಇರುವುದೇ ಒಂದು ಪಾತ್ರ," ಎಂದರು ಅವರು. ಚೌಕಿ ಎಂದರೆ ಯಕ್ಷಗಾನದವರು ವೇಷ ಕಟ್ಟುವ ಕೋಣೆ.

ಹಾಗಾದರೆ 28 ಎಂದದ್ದು? "ಅದು ಒಬ್ಬನೇ ಎರಡು ವೇಷ ಮಾಡಿದ ಹಾಗೆ. ಬಿಡುವು ಸಿಕ್ಕಾಗ ಇನ್ನೊಂದು ಕೆಲಸವನ್ನೂ ತೂರಿಸಬಹುದು. ಹಾಗಂತ ಒಬ್ಬ ಇಬ್ಬರಾಗ್ತಾನಾ?"

ಆಮೇಲೆ ಮೂಲೆಯಿಂದ ಒಂದು ಡಬ್ಬಿ ಎಳೆದರು. ಯಾವುದೋ ಆಫೀಸಿನಿಂದ ಬಂದ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪು. ಐ5-8500, 2018ರದ್ದು. ಆರು ಕೋರು, ಆರೇ ಥ್ರೆಡ್ಡು. ಆರು! ನೋಡಲಿಕ್ಕೂ ಹಳೇ ವಿಸಿಆರ್ ಹಾಗೆ ಇತ್ತು. ಅದೇ ಫೈಲ್ 29 ಸೆಕೆಂಡಿಗೆ ತೆರೆಯಿತು.

ಕಾರಣವನ್ನು ಅವರು ಒಂದು ಬಿಲ್ಲಿನ ಹಿಂಬದಿಯಲ್ಲಿ ಬರೆದು ತೋರಿಸಿದರು. ನನ್ನ ಫೈಲ್ ತೆರೆಯುವಂಥ ಕೆಲಸಕ್ಕೆ ಓಡುವುದು ಒಂದೇ ಕೋರ್; ಹಾಗೆ ಓಡುವಾಗ ಜಿಯಾನಿನ ಗರಿಷ್ಠ ವೇಗ 3.3 ಗಿಗಾಹರ್ಟ್ಸ್. ನನ್ನ ಹಳೇ ಐ7ನದ್ದು 3.8. ಐದು ವರ್ಷ ಹೊಸದಾದ್ದರಿಂದ ಜಿಯಾನ್ ಒಂದೊಂದು ಗಿಗಾಹರ್ಟ್ಸಿಗೆ ಜಾಸ್ತಿ ಕೆಲಸ ಮಾಡುತ್ತದೆ. ಹಾಗಾಗಿ ಎರಡೂ ಸರಿಸಮ ಆಯಿತು. ಈ ಐ5 ಅದಕ್ಕಿಂತಲೂ ಹೊಸದು, 4.1ರವರೆಗೆ ಓಡುತ್ತದೆ. ಸರ್ವರಿನದ್ದು ನೂರು ಜನರ ಸಣ್ಣ ಸಣ್ಣ ಕೆಲಸ ಒಟ್ಟಿಗೆ ನಡೆಸಲಿಕ್ಕೆ ಮಾಡಿದ್ದು. ಒಬ್ಬನ ಕೆಲಸ ಬೇಗ ಮುಗಿಸಲಿಕ್ಕೆ ಅಲ್ಲ.

ಎರಡರ ದರಕ್ಕೂ ಸಾವಿರ, ಎರಡು ಸಾವಿರದ ಫರಕು ಅಷ್ಟೇ. ಆದರೆ ಜಿಯಾನಿಗೆ ಸ್ವಂತ ಡಿಸ್ಪ್ಲೇ ಇಲ್ಲ, ಗ್ರಾಫಿಕ್ಸ್ ಕಾರ್ಡ್ ಬೇರೆಯೇ ಹಾಕಬೇಕು. ಅದರ ಸರ್ವರ್ ರ್‍ಯಾಮು ಸಾಮಾನ್ಯ ಬೋರ್ಡಿನಲ್ಲಿ ನಡೆಯುವುದಿಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಿಂದ ಬೆಂಬಲ ನಿಂತಿದೆ. ವಿಂಡೋಸ್ 11ಕ್ಕೆ ಆಗುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಇಂಟೆಲ್‌ನ ಎಂಟನೇ ತಲೆಮಾರಿನ ಈ ಐ5 ಉಂಟು, ಆ ಜಿಯಾನ್ ಇಲ್ಲ. ವಾಟ್ ಮೀಟರ್ ಇಟ್ಟು ಕರೆಂಟಿನ ಲೆಕ್ಕವನ್ನೂ ತೋರಿಸಿದರು. ಸುಮ್ನೆ ಆನ್ ಮಾಡಿ ಬಿಟ್ಟಾಗಲೇ ಜಿಯಾನ್ ಮೆಷಿನು 60 ವಾಟ್ ಜಾಸ್ತಿ ಎಳೆಯುತ್ತಿತ್ತು. ದಿನಕ್ಕೆ ಹತ್ತು ಗಂಟೆ ಎಂದರೆ ತಿಂಗಳಿಗೆ 18 ಯೂನಿಟ್. "ಬಿಲ್ಲು ಬಿಡಿ. ಮಳೆಗಾಲದಲ್ಲಿ ನಿಮ್ಮ ಸಣ್ಣ ಯುಪಿಎಸ್ ಎಷ್ಟು ಹೊತ್ತು ತಡೆದೀತು, ಅದು ಹೇಳಿ."

ಅಷ್ಟರಲ್ಲಿ ಮೂಡುಬಿದಿರೆಯ ಒಬ್ಬ ಹುಡುಗ ಬಂದ. ಮದುವೆ ವಿಡಿಯೋ ಎಡಿಟ್ ಮಾಡುವವನು. ಅವನಿಗೂ ಅದೇ ಪ್ರಶ್ನೆ, ಅದೇ ದನಿ. "ಕೆಲಸ ಎಂತದು?" ಅವನ ವಿಡಿಯೋವನ್ನು ಜಿಯಾನಿನಲ್ಲಿ ಎಕ್ಸ್‌ಪೋರ್ಟಿಗೆ ಹಾಕಿದರು. ನೋಡಬೇಕಿತ್ತು! 28 ಚೌಕವೂ ಒಟ್ಟಿಗೆ ಮೇಲೆ ಹೋದವು. ಚೌಕಿ ಪೂರ್ತಿ ಖಾಲಿ, ಎಲ್ಲರೂ ರಂಗಸ್ಥಳದಲ್ಲಿ. ಜಿಯಾನ್ ಬೇಗ ಮುಗಿಸಿತು. ಅದನ್ನೇ ಪಕ್ಕದ ಐ5 ಮುಗಿಸುವಷ್ಟರಲ್ಲಿ ಹುಡುಗ ಚಾ ಕುಡಿದು ಬಂದಿದ್ದ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಅದು ನನ್ನ ಮೆಷಿನು, ನನ್ನ ಮಗ ಹುಡುಕಿದ್ದು ಎಂದು ಒಳಗೊಳಗೇ ಅನಿಸುತ್ತಿತ್ತು. ಹುಡುಗ ದುಡ್ಡು ಕೊಟ್ಟು ಎತ್ತಿಕೊಂಡು ಹೋದ.

ನಾನು ಐ5 ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಮೂಲ್ಕಿ ದಾಟುವವರೆಗೂ ಆ ಮನುಷ್ಯನಿಗೆ ಮನಸ್ಸಿನಲ್ಲೇ ಬೈಯುತ್ತಿದ್ದೆ. ಪಡುಬಿದ್ರಿಯ ಹತ್ತಿರ ಬೇರೆ ಒಂದು ಯೋಚನೆ ಬಂತು. ಮಗ ಎಷ್ಟು ಕಾಳಜಿಯಿಂದ ಹುಡುಕಿದ್ದ. ಕೋರು, ಥ್ರೆಡ್ಡು, ಕ್ಯಾಶ್, ದರ, ಎಲ್ಲ ನೋಡಿದ್ದ. ಅಪ್ಪ ಇಡೀ ದಿನ ಕೂತು ಮಾಡುವುದು ಎಂತ ಎಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಸಣ್ಣವನಿದ್ದಾಗ ನನ್ನ ಟೇಬಲಿನ ಅಡಿಯಲ್ಲೇ ಆಡುತ್ತಿದ್ದವನು. ಮತ್ತೆ ನನಗೆ? ಕೇಳಿದವರಿಗೆಲ್ಲ "ಸಾಫ್ಟ್‌ವೇರ್" ಎಂದು ಹೇಳಿ ಎಂಟು ವರ್ಷ ಆಯಿತು. ಸಾಫ್ಟ್‌ವೇರ್ ಎಂದರೆ ಅವನು ಬೆಳಗ್ಗೆ ಹೋಗಿ ಕೂತು ಎಂತ ಮಾಡುತ್ತಾನೆ? ಗೊತ್ತಿಲ್ಲ. ಹಂಪನಕಟ್ಟೆಯ ಒಬ್ಬರು ಮುಖವನ್ನೂ ನೋಡದೆ ಮೊದಲು ಕೇಳಿದ್ದನ್ನು ನಾವಿಬ್ಬರು ಇಷ್ಟು ವರ್ಷ ಕೇಳಿಯೇ ಇಲ್ಲ.

ರಾತ್ರಿ ಅವನ ಫೋನ್ ಬಂತು. "ಹೇಗುಂಟು ಅಪ್ಪ? 28 ಥ್ರೆಡ್ಡು?"

"ಆರು," ಎಂದೆ. ಆಚೆ ಕಡೆ ಮಾತಿಲ್ಲ. ನಡೆದದ್ದೆಲ್ಲ ಹೇಳಿದೆ. ಚೌಕಿಯ ಮಾತಿಗೆ ನಕ್ಕ, ಆದರೆ ಪೂರ್ತಿ ನಗಲಿಲ್ಲ. ಸ್ವಲ್ಪ ಬೇಸರ ಆಗಿತ್ತು ಅವನಿಗೆ. "ನಮ್ಮ ಆಫೀಸಿನಲ್ಲಿ ಅದೇ ಚಿಪ್ಪಿನ ಮೇಲೆ ನಾನು ನಾಲ್ಕು ವರ್ಷ ಕೆಲಸ ಮಾಡಿದ್ದೆ ಅಪ್ಪ. ನಿಮ್ಮ ಹತ್ತಿರವೂ ಒಂದು ಇರಲಿ ಅಂತ," ಎಂದ.

ಇದನ್ನು ನಾನು ಎಣಿಸಿರಲಿಲ್ಲ.

"ಅದರ ಮೇಲೆ ನೀನು ಎಂತ ಕೆಲಸ ಮಾಡ್ತಿದ್ದದ್ದು? ಸರಿಯಾಗಿ ಹೇಳು," ಎಂದೆ.

ಶುರುಮಾಡಿದ. ಅರ್ಧ ಅರ್ಥವಾಯಿತು, ಅರ್ಧ ಇಲ್ಲ. ನಡುವೆ ಕರೆಂಟು ಹೋಗಿ ಯುಪಿಎಸ್ ಕೀಂ ಕೀಂ ಎನ್ನತೊಡಗಿತು.

"ಅದೆಂತ ಶಬ್ದ? ಇಡಲಾ?" ಎಂದ.

"ಬೇಡ, ನೀನು ಹೇಳು," ಎಂದೆ. "ಇದು ಇನ್ನೂ ಸುಮಾರು ಹೊತ್ತು ನಿಲ್ಲುತ್ತದೆ."