ಎರಡೂವರೆ ಸೆಕೆಂಡು ಹಿಂದೆ

ಕಲಬುರಗಿ, 11 ಮೇ 2025, ಭಾನುವಾರ

ಮೂರು ದಿನದಿಂದ ಮನೆಗೆ ಇಂಟರ್ನೆಟ್ ಇಲ್ಲ. ರಸ್ತೆ ಅಗೆದವರು ಕೇಬಲ್ ಕತ್ತರಿಸಿ ಹೋಗಿದ್ದಾರೆ. ನನ್ನ ಹ್ಯಾಮ್ ರೇಡಿಯೋಗೆ (ಹವ್ಯಾಸಕ್ಕೆ ನಡೆಸುವ ರೇಡಿಯೋ ಸ್ಟೇಷನ್‌ಗೆ) ಇಂಟರ್ನೆಟ್ ಯಾಕೆ, ಮಾಳಿಗೆ ಮೇಲೆ ಆಂಟೆನಾ ಇದ್ದರೆ ಸಾಕು ಅಂದುಕೊಂಡಿದ್ದೆ. ಸಂಜೆ ಏಳರ ಮೇಲೆ, ಬಿಸಿಲಿನ ಕಾವು ಸ್ವಲ್ಪ ಇಳಿದಾಗ, 14.074 ಮೆಗಾಹರ್ಟ್ಸ್‌ಗೆ ಬಂದು ಎಫ್‌ಟಿ8 ಹಚ್ಚಿದೆ. ಕಂಪ್ಯೂಟರ್‌ಗಳು ರೇಡಿಯೋ ಮೂಲಕ ಚಿಕ್ಕ ಸಂದೇಶಗಳನ್ನು ಸ್ವರಗಳಾಗಿ ಕಳಿಸಿಕೊಳ್ಳುವ ವಿಧಾನ ಇದು.

ವಾಟರ್‌ಫಾಲ್ (ಬರುವ ಸಂಕೇತಗಳನ್ನು ಗೆರೆಯಾಗಿ ತೋರಿಸುವ ಪರದೆ) ತುಂಬ ದಪ್ಪ ದಪ್ಪ ಗೆರೆ. ಸ್ಪೀಕರಿನಲ್ಲಿ ಅದೇ ಊಳಿಡುವ ಸದ್ದು. ಆದರೆ ಡಿಕೋಡ್ ಆದ, ಅಂದರೆ ಬಿಡಿಸಿ ಓದಿದ ಸಂದೇಶ ಬರೋ ಜಾಗ ಖಾಲಿ! ಮೊದಲು ಆಂಟೆನಾಗೆ ಬೈದೆ, ಆಮೇಲೆ ಯುಎಸ್‌ಬಿ ಕೇಬಲ್ ಕಿತ್ತು ಮತ್ತೆ ಚುಚ್ಚಿದೆ. ಕೊನೆಗೆ ಎರಡೇ ಎರಡು ಸ್ಟೇಷನ್ ಸಿಕ್ಕವು. ಡಿಟಿ ಕಾಲಂ (ಸಂದೇಶ ನನ್ನ ಗಡಿಯಾರದ ಲೆಕ್ಕಕ್ಕಿಂತ ಎಷ್ಟು ಸೆಕೆಂಡು ಹಿಂದೆ ಮುಂದೆ ಬಂತು ಅನ್ನೋದು) ನೋಡಿದರೆ ಒಂದಕ್ಕೆ ಮೈನಸ್ 1.9, ಇನ್ನೊಂದಕ್ಕೆ ಮೈನಸ್ 2.1. ಆಗ ಹೊಳೆಯಿತು. ನನ್ನ ಕಂಪ್ಯೂಟರ್ ಗಡಿಯಾರವೇ ಹಿಂದೆ ಬಿದ್ದಿದೆ. ಇಂಟರ್ನೆಟ್ ಇಲ್ಲದೆ ಅದು ತನ್ನ ಸಮಯ ಸರಿ ಮಾಡಿಕೊಂಡಿಲ್ಲ. ಸಿಕ್ಕ ಆ ಇಬ್ಬರೂ ನನ್ನ ಹಾಗೆ ಸ್ವಲ್ಪ ತಡವಾಗಿ ಓಡುವವರೇ ಇರಬೇಕು.

ಎಫ್‌ಟಿ8ರಲ್ಲಿ ಸರದಿ 15 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಒಂದು ಸಂದೇಶ 12.64 ಸೆಕೆಂಡು. 79 ಸ್ವರ, ಒಂದೊಂದೂ 0.16 ಸೆಕೆಂಡು. ಉಳಿಯುವ ಎರಡು ಚಿಲ್ಲರೆ ಸೆಕೆಂಡಿನಲ್ಲೇ ಕಂಪ್ಯೂಟರ್ ಬಿಡಿಸಿ ಓದಬೇಕು, ಏನು ಉತ್ತರ ಕೊಡಬೇಕು ಅಂತ ನಾನು ನೋಡಬೇಕು. ನನ್ನ ಗಡಿಯಾರ ಎರಡೂವರೆ ಸೆಕೆಂಡು ಹಿಂದಿದ್ದರೆ, ಅವರ ಮಾತಿನ ತಲೆ ನನ್ನ ಹಿಂದಿನ ಸರದಿಯಲ್ಲೇ ಕತ್ತರಿಸಿ ಬೀಳುತ್ತದೆ. ಲೆಕ್ಕ ಹಾಕಿದೆ. ಹತ್ತು ಲಕ್ಷಕ್ಕೆ 10ರಷ್ಟು ತಪ್ಪುವ ಸಾಧಾರಣ ಕ್ರಿಸ್ಟಲ್ (ಗಡಿಯಾರಕ್ಕೆ ಲಯ ಕೊಡುವ ಹರಳು) ಅಂದರೆ ದಿನಕ್ಕೆ 0.86 ಸೆಕೆಂಡು. ಮೂರು ದಿನಕ್ಕೆ 2.6. ಸರಿಯಾಗಿ ಕೂಡಿತು.

ಅವ್ವ ಬಾಗಿಲಲ್ಲಿ ನಿಂತು ನೋಡಿದಳು. "ಟೈಮ್ ಸರಿ ಮಾಡ್ಲಕ ಇಷ್ಟೊತ್ತೇನೋ? ಗ್ವಾಡಿ ಮ್ಯಾಲ ಗಡಿಯಾರ ಅದಲ್ಲ!"

ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಸಮಯ ಸಿಂಕ್ ಮಾಡಿದೆ. ಮುಂದಿನ ಸರದಿಗೆ ಪರದೆ ತುಂಬಿತು. 2017ರಲ್ಲಿ ಈ ಎಫ್‌ಟಿ8 ಕೊಟ್ಟ ಇಬ್ಬರಲ್ಲಿ ಒಬ್ಬರು ಜೋ ಟೇಲರ್. ಪಲ್ಸಾರ್‌ಗಳ (ಮಿಡಿಯುವ ನಕ್ಷತ್ರಗಳ) ಮಿಡಿತ ಅಳೆದು 1993ರಲ್ಲಿ ನೊಬೆಲ್ ಪಡೆದ ಭೌತವಿಜ್ಞಾನಿ. ಅಂಥವರ ಆಟಕ್ಕೆ ನಾನು ಎರಡೂವರೆ ಸೆಕೆಂಡು ತಪ್ಪಿಕೊಂಡು ಕೂತಿದ್ದೆ!

ಗಡಿಯಾರ ಸರಿ ಇದ್ದರೂ ಕಂಪ್ಯೂಟರ್ ಒಂದೇ ಲಯದಲ್ಲಿ ನಡೆಯುತ್ತೆ ಅಂತೇನಿಲ್ಲ. ಇದು ನನ್ನ ಮೋರ್ಸ್ ಪ್ರೋಗ್ರಾಮಿನ ಕಥೆ. ನಿಮಿಷಕ್ಕೆ 30 ಪದದ ವೇಗದಲ್ಲಿ ಡಾಟ್ (ಗಿಡ್ಡ ಸದ್ದು) 40 ಮಿಲಿಸೆಕೆಂಡು, ಡ್ಯಾಷ್ (ಉದ್ದ ಸದ್ದು) 120. ನಾನು 'ಸ್ಲೀಪ್ 40', ಅಂದರೆ 40 ಮಿಲಿಸೆಕೆಂಡು ಕಾಯಿ, ಅಂತ ಬರೆದಿದ್ದೆ. ವಿಂಡೋಸ್‌ನ ಮಾಮೂಲಿ ಟಿಕ್ (ಅದರ ಗಡಿಯಾರದ ಒಂದು ಹೆಜ್ಜೆ) 15.6 ಮಿಲಿಸೆಕೆಂಡು. 40 ಕೇಳಿದರೆ ಮೂರು ಟಿಕ್, ಅಂದರೆ 47 ಕೊಡುತ್ತೆ. 120 ಕೇಳಿದರೆ 125. ಒಂದಕ್ಕೆ ಮೂರರ ಲಯ ಅಲ್ಲೇ ಕೆಟ್ಟಿತು. ನಡುವೆ ಬ್ರೌಸರ್ ತೆರೆದರಂತೂ ಕೇಳಲೇಬೇಡಿ.

ಅದಕ್ಕೆ ಗಡಿಯಾರ ಕೇಳುವುದನ್ನೇ ಬಿಟ್ಟೆ. ಸ್ಯಾಂಪಲ್, ಅಂದರೆ ಸದ್ದಿನ ಚಿಕ್ಕ ಚಿಕ್ಕ ತುಣುಕು, ಎಣಿಸತೊಡಗಿದೆ. ಸೆಕೆಂಡಿಗೆ 48,000 ಸ್ಯಾಂಪಲ್ ಇದ್ದರೆ ಡಾಟ್‌ಗೆ 1,920, ಡ್ಯಾಷ್‌ಗೆ 5,760. ಇಡೀ ವಾಕ್ಯವನ್ನು ಸದ್ದಾಗಿ ಮಾಡಿ ಸೌಂಡ್ ಕಾರ್ಡ್‌ಗೆ ಒಪ್ಪಿಸಿದರೆ ಆಯಿತು. ಬಫರ್ (ನುಡಿಯಲು ಕಾಯುವ ಸ್ಯಾಂಪಲ್‌ಗಳ ಜಾಗ) ಖಾಲಿಯಾಗದಂತೆ ನೋಡಿಕೊಂಡರೆ ಅದು ತನ್ನ ಕ್ರಿಸ್ಟಲ್ ಲಯಕ್ಕೆ ಸುಮ್ನೆ ನುಡಿಸಿಕೊಂಡು ಹೋಗುತ್ತದೆ. ಲಯ ಗಂಟೆ ಹೊಡೆದ ಹಾಗಾಯಿತು.

ಹಿಗ್ಗಿ ನಿನ್ನೆ ಬೆಳಗ್ಗೆ 40 ಮೀಟರ್ ತರಂಗದ ಬ್ಯಾಂಡಿನಲ್ಲಿ ಬೀದರ್‌ನ ಕಾಕಾನನ್ನು ಮೋರ್ಸ್‌ನಲ್ಲಿ ಕರೆದೆ. ಆಮೇಲೆ ಅವರದೇ ಫೋನ್: "ತಮ್ಮಾ, ಕೊನಿಗಿ ಡಿ ಯಾಕ ಹೊಡಿತಿ?"

ನಾನು ಹೊಡೆದದ್ದು ಕೆ, 'ಈಗ ನೀವು ಹೇಳಿ' ಅನ್ನೋ ಸಂಕೇತ. ಡ್ಯಾಷ್, ಡಾಟ್, ಡ್ಯಾಷ್. ಬಫರಿಗೆ ಕೊನೆಯ 4,096 ಸ್ಯಾಂಪಲ್ ಹಾಕಿ ಮುಗಿದ ಕೂಡಲೇ ಪ್ರೋಗ್ರಾಂ ಟ್ರಾನ್ಸ್‌ಮಿಟ್ ಬಂದ್ ಮಾಡುತ್ತಿತ್ತು. ಅಷ್ಟು ಸ್ಯಾಂಪಲ್ ಇನ್ನೂ ನುಡಿಯದೆ ಒಳಗೇ ಉಳಿದಿರುತ್ತವೆ, 85 ಮಿಲಿಸೆಕೆಂಡು. ಕೊನೆಯ 120ರ ಡ್ಯಾಷ್‌ನಲ್ಲಿ 85 ಹೋದರೆ ಉಳಿಯುವುದು 35. ಅದು ಕಿವಿಗೆ ಡಾಟ್. ಡ್ಯಾಷ್, ಡಾಟ್, ಡಾಟ್ ಅಂದರೆ ಡಿ.

ಇವತ್ತು ರಾತ್ರಿ ಟ್ರಾನ್ಸ್‌ಮಿಟ್ ಬಿಡುವ ಮುಂಚೆ 100 ಮಿಲಿಸೆಕೆಂಡು ಕಾಯುವ ಸಾಲು ಸೇರಿಸಿದ್ದೇನೆ. ನಾಳೆ ಏಳು ಗಂಟೆಗೆ ಕಾಕಾ ಕೇಳಿ ಹೇಳುತ್ತಾರೆ.