ಬೆಲ್ಲನ ಬುಟ್ಟಿ

ದೀಪಾವಳಿ ಮುಗಿದ ಮೂರನೇ ದಿನ. ಬೆಳಿಗ್ಗೆ ಆರೂವರೆಗೆ ಹಾಲು ಕಾಯಿಸಲು ಎದ್ದ ಅಮ್ಮ ನನ್ನ ಕೋಣೆಯ ಬಾಗಿಲು ತಟ್ಟಿದರು. “ಬೆಲ್ಲ ಆಗ್ಲಿಂದ ಮರಳಿನ ಟ್ರೇಯಲ್ಲೇ ಕೂತಿದ್ದಾನೆ ಕಣೇ. ಏನೂ ಬರ್ತಿಲ್ಲ.”

ಹೋಗಿ ನೋಡಿದೆ. ನಮ್ಮ ಗಂಡು ಬೆಕ್ಕು ಬೆಲ್ಲ ಬೆನ್ನು ಬಗ್ಗಿಸಿ ತಿಣುಕುತ್ತಿದ್ದ. ಸ್ವಲ್ಪ ಹೊತ್ತು ಕೂತ, ಎದ್ದ, ಮರಳು ಕೆದಕಿದ, ಮತ್ತೆ ಕೂತ. ಒಂದು ಸಲ ಸಣ್ಣಗೆ ಅತ್ತ. ಮರಳಿನಲ್ಲಿ ಉಚ್ಚೆ ಬಿದ್ದು ಗಟ್ಟಿಯಾದ, ರೂಪಾಯಿ ನಾಣ್ಯದಷ್ಟು ಒಂದು ಉಂಡೆ, ಅದರ ಮೇಲೆ ತಿಳಿ ಕೆಂಪು.

ಗಂಡು ಬೆಕ್ಕು ಸಾಕಿದವರ ಎದೆ ಧಸಕ್ಕೆನ್ನುವುದು ಇದನ್ನು ನೋಡಿದಾಗ. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಕಿರಿದು. ಸಣ್ಣ ಹರಳೋ ಲೋಳೆಯೋ ಸಿಕ್ಕಿಕೊಂಡರೆ ಕಟ್ಟಿಯೇ ಹೋಗುತ್ತದೆ. ಆಮೇಲೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ. ಸಂಜೆವರೆಗೂ ನೋಡೋಣ ಅನ್ನುವ ಕಾಯಿಲೆ ಇದಲ್ಲ.

ಡಾಕ್ಟರಿಗೆ ಫೋನ್ ಮಾಡಿದೆ. “ಎಂಟು ಗಂಟೆಗೆ ಕ್ಲಿನಿಕ್‌ಗೆ ಬನ್ನಿ, ನಾನೂ ಬೇಗ ಬರ್ತೀನಿ. ಹೊಟ್ಟೆ ಒತ್ತಿ ನೋಡಬೇಡಿ. ಯಾವ ಮಾತ್ರೆಯನ್ನೂ ಕೊಡಬೇಡಿ” ಎಂದರು. ಆ ಕೊನೆಯ ಮಾತು ಹೇಳಿದ್ದು ಒಳ್ಳೆಯದೇ ಆಯಿತು. ಪಕ್ಕದ ಮನೆಯವರು ಪ್ರೀತಿಯಿಂದಲೇ ಅರ್ಧ ಪ್ಯಾರಾಸಿಟಮಾಲ್ ಹಿಡಿದು ಬಂದಿದ್ದರು. ಬೆಕ್ಕಿನ ಯಕೃತ್ತು ಅದನ್ನು ಅರಗಿಸಲಾರದು. ನಮ್ಮ ತಲೆನೋವಿನ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಇದು ಎಲ್ಲರಿಗೂ ಗೊತ್ತಿರಬೇಕು.

ನನ್ನ ಕೈ ನಡುಗುತ್ತಿತ್ತು. ಆ ನಡುಕಕ್ಕೆ ಎರಡು ವರ್ಷ ಹಳೆಯ ಕಾರಣವೂ ಒಂದಿತ್ತು.

ಆಗ ಬೆಲ್ಲನಿಗೆ ಲಸಿಕೆ ಹಾಕಿಸಬೇಕಿತ್ತು. ಬೆಕ್ಕನ್ನು ಒಯ್ಯುವ ಪ್ಲಾಸ್ಟಿಕ್ ಬುಟ್ಟಿಯನ್ನು ಅಟ್ಟದಿಂದ ಇಳಿಸಿದೆ. ಅದರ ಸದ್ದಿಗೇ ಅವನು ಮಂಚದ ಕೆಳಗೆ ಸೇರಿದ. ಪೊರಕೆ ಹಿಡಿದು ಎಬ್ಬಿಸಿದೆವು, ಟವೆಲ್ ಹಾಕಿ ಹಿಡಿದೆವು, ಒಳಗೆ ತುರುಕಿದೆವು. ಹೌದು, ತುರುಕಿದೆವು. ಆಟೋದಲ್ಲಿ ಅವನು ಮೈಮೇಲೆಲ್ಲ ಉಚ್ಚೆ ಮಾಡಿಕೊಂಡ. ಆಗ ಹೋಗುತ್ತಿದ್ದ ಕ್ಲಿನಿಕ್‌ನಲ್ಲಿ ನಾಲ್ಕು ನಾಯಿಗಳ ನಡುವೆ ನೆಲದ ಮೇಲೆ ಬುಟ್ಟಿ ಇಟ್ಟುಕೊಂಡು ಒಂದು ಗಂಟೆ ಕಾದೆ. ಒಳಗೆ ಹೋದಾಗ ಅಲ್ಲಿನ ಹುಡುಗ ಕುತ್ತಿಗೆಯ ಚರ್ಮ ಹಿಡಿದು ಎಳೆದ. ಬೆಲ್ಲ ಅವನನ್ನು ಕಚ್ಚಿದ, ನನ್ನ ಕೈ ಪರಚಿದ, ಬೀರುವಿನ ಹಿಂದೆ ನುಗ್ಗಿದ. ನಾನು ಗಟ್ಟಿಯಾಗಿ ಅವನ ಹೆಸರು ಕೂಗುತ್ತಾ ಅಳುತ್ತಿದ್ದೆ. ಲಸಿಕೆ ಆಗಲೇ ಇಲ್ಲ.

ಪರಚಿದ ಗಾಯ ವಾರದಲ್ಲಿ ಮಾಯಿತು. ಆದರೆ ಬೆಲ್ಲ ಎರಡು ದಿನ ಮಂಚದ ಕೆಳಗಿಂದ ಬರಲಿಲ್ಲ. ಕೈ ಚಾಚಿದರೆ ಹಿಂದೆ ಸರಿಯುತ್ತಿದ್ದ. ಕಣ್ಣು ಬಿಡುವ ಮೊದಲೇ ನನ್ನ ಅಂಗೈಗೆ ಬಂದ ಮರಿ ಅದು. ಅವನು ನನಗೇ ಹೆದರಿದ್ದನ್ನು ನನಗೆ ತಡೆಯಲಾಗಲಿಲ್ಲ.

ಬೇರೆ ಡಾಕ್ಟರನ್ನು ಹುಡುಕಿ, ಬೆಕ್ಕನ್ನು ಮನೆಯಲ್ಲೇ ಬಿಟ್ಟು ಒಬ್ಬಳೇ ಹೋಗಿ ಕೇಳಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, “ಬುಟ್ಟಿ ಎಲ್ಲಿಡ್ತೀರಾ?” ಅಂದರು. ಅಟ್ಟದ ಮೇಲೆ ಅಂದೆ. “ವರ್ಷಕ್ಕೊಂದು ಸಲ ಕಾಣಿಸುತ್ತೆ, ಕಾಣಿಸಿದ ದಿನವೇ ಕೆಟ್ಟದ್ದಾಗುತ್ತೆ. ಅವನಿಗೆ ಲೆಕ್ಕ ಸರಿಯಾಗೇ ಗೊತ್ತಿದೆ ಅಲ್ವಾ? ಅದು ಮನೆಯ ಸಾಮಾನಾಗಲಿ. ದಿನಾ ಕಾಣಿಸಲಿ.”

ಅವತ್ತಿನಿಂದ ಬುಟ್ಟಿ ಹಾಲ್‌ನಲ್ಲಿ, ಬೆಳಗಿನ ಬಿಸಿಲು ಬೀಳುವ ಕಿಟಕಿಯ ಕೆಳಗಿದೆ. ಮೊದಲು ಮುಚ್ಚಳ ತೆಗೆದಿಟ್ಟೆ. ಒಳಗೆ ಅಮ್ಮನ ಹಳೆಯ ವಾಯಿಲ್ ಸೀರೆ ಮಡಿಸಿ ಹಾಸಿದೆ. ಬೆಕ್ಕು ಕಂಬಕ್ಕೆ, ಬಾಗಿಲಿಗೆ, ನಮ್ಮ ಕಾಲಿಗೆ ಕೆನ್ನೆ ಉಜ್ಜುತ್ತದಲ್ಲ, ಅದು ತನ್ನ ವಾಸನೆ ಬಿಡುವುದಕ್ಕೆ. ಕೆನ್ನೆಯಲ್ಲಿ ಅದಕ್ಕೆಂದೇ ಗ್ರಂಥಿಗಳಿವೆ. ಆ ವಾಸನೆ ಇರುವ ಜಾಗ ಅದಕ್ಕೆ ತನ್ನ ಜಾಗ. ಹಾಗಾಗಿ ಒಂದು ಮೆತ್ತನೆ ಬಟ್ಟೆಯಿಂದ ಅವನ ಕೆನ್ನೆ ಸವರಿ ಅದನ್ನು ಬುಟ್ಟಿಯ ಗೋಡೆಗೆ ಉಜ್ಜುತ್ತಿದ್ದೆ.

ಮೊದಲ ವಾರ ಅವನು ಬುಟ್ಟಿಯನ್ನು ಸುತ್ತು ಹಾಕಿಕೊಂಡೇ ಓಡಾಡಿದ. ಊಟದ ತಟ್ಟೆಯನ್ನು ಮೂರು ಅಡಿ ದೂರದಲ್ಲಿಟ್ಟೆ, ಆಮೇಲೆ ಎರಡು, ಆಮೇಲೆ ಬುಟ್ಟಿಯ ಬಾಯಿಯ ಹತ್ತಿರ. ಉಪ್ಪು ಹಾಕದೆ ಬೇಯಿಸಿದ ಕೋಳಿಯ ಚೂರು ಒಳಗೆ ಬೀಳಿಸಿದ ದಿನ ತಲೆ ಹಾಕಿದ. ಹಿಂಗಾಲು ಮಾತ್ರ ಹೊರಗೇ ಇತ್ತು. ನಾನು ತಳ್ಳಲಿಲ್ಲ. ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನೋಡಿದರೆ ಒಳಗೆ ಮಲಗಿ ನಿದ್ದೆ ಮಾಡುತ್ತಿದ್ದ. ಆಮೇಲೆ ಮುಚ್ಚಳ ಹಾಕಿದೆ. ಆಮೇಲೆ ಬಾಗಿಲು ಹಾಕಿ ತಕ್ಷಣ ತೆಗೆದೆ. ಆಮೇಲೆ ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆದು ಇಳಿಸಿದೆ. ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ಬೇಕಾದದ್ದು ದಿನಕ್ಕೆ ಐದು ನಿಮಿಷ.

ನನ್ನದೂ ಅಭ್ಯಾಸ ಆಗಬೇಕಿತ್ತು. ಗಾಬರಿಯಾದರೆ ನನ್ನ ದನಿ ಏರುತ್ತದೆ, ಕೈ ಬಿರುಸಾಗುತ್ತದೆ. ಅವನ ಎದುರು ಕೂತು ಕಣ್ಣನ್ನು ಅರ್ಧ ಮುಚ್ಚಿ ನಿಧಾನಕ್ಕೆ ತೆರೆಯುವುದನ್ನು ಕಲಿತೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದರು. ಹಾಗೆ ಮಾಡಿದರೆ ಬೆಕ್ಕು ತಾನೂ ಕಣ್ಣು ಕಿರಿದು ಮಾಡುತ್ತದೆ, ಅಪರಿಚಿತರ ಹತ್ತಿರವೂ ಬರಲು ಒಪ್ಪುತ್ತದೆ ಎಂದು ಕಂಡುಕೊಂಡರು. ಬೆಲ್ಲ ಮೊದಲ ಸಲ ತಿರುಗಿ ಹಾಗೆ ಮಾಡಿದಾಗ ನನ್ನನ್ನು ಕ್ಷಮಿಸಿದ ಹಾಗೆ ಅನಿಸಿತು.

ಈಗ ಆ ಬೆಳಿಗ್ಗೆ. ಎದ್ದು ಓಡಬೇಕು ಅನಿಸುತ್ತಿದ್ದರೂ ನಾನು ನೆಲದ ಮೇಲೆ ಸುಮ್ನೆ ಕೂತೆ. ಎರಡು ನಿಮಿಷ. ಅಮ್ಮನಿಗೂ ಮೆಲ್ಲಗೆ ಮಾತಾಡಿ ಎಂದೆ. ಬೆಲ್ಲ ಮರಳಿನ ಟ್ರೇಯಿಂದ ಇಳಿದ, ಹಾಲ್ ದಾಟಿದ, ಬುಟ್ಟಿಯೊಳಗೆ ಹೋಗಿ ಸೀರೆಯ ಮೇಲೆ ಮುದುರಿ ಮಲಗಿದ. ತಾನಾಗಿಯೇ. ಬಾಗಿಲು ಹಾಕುವಾಗ ನನ್ನ ಕಣ್ಣು ತುಂಬಿತ್ತು, ಆದರೆ ಕೈ ನಡುಗುತ್ತಿರಲಿಲ್ಲ.

ಮೈಸೂರಿನ ಬೋಗಾದಿಯಲ್ಲಿ ಎರಡು ಆಟೋದವರು ಬೆಕ್ಕು ಎಂದ ಕೂಡಲೇ ಹೋಗಿಬಿಟ್ಟರು. ಮೂರನೆಯವರು ನಿಲ್ಲಿಸಿದರು. “ಅಣ್ಣ, ಬೆಕ್ಕಿಗೆ ಹುಷಾರಿಲ್ಲ. ಸ್ವಲ್ಪ ಹಾರ್ನ್ ಹೊಡೀಬೇಡಿ” ಎಂದೆ. “ಆಯ್ತು ಬಿಡಕ್ಕ, ಹಂಪಲ್ಲೂ ನಿಧಾನಕ್ಕೆ ಹೋಗ್ತೀನಿ” ಎಂದರು. ಹಾಗೇ ನಡೆದುಕೊಂಡರು ಕೂಡ. ಬುಟ್ಟಿಯನ್ನು ಹಿಡಿಕೆಯಿಂದ ತೂಗಾಡಿಸದೆ, ಅಡಿಗೆ ಎರಡೂ ಕೈ ಕೊಟ್ಟು ತೊಡೆಯ ಮೇಲಿಟ್ಟುಕೊಂಡಿದ್ದೆ. ಮೇಲೆ ನನ್ನ ಶಾಲು. ಮಾನಸಗಂಗೋತ್ರಿಯ ಮರಗಳ ನೆರಳು ದಾಟಿ ರೈಲ್ವೆ ಗೇಟ್ ಹತ್ತಿರ ಬಂದರೆ ಗೇಟ್ ಹಾಕಿತ್ತು. ಚಾಮರಾಜನಗರದ ರೈಲು. ಇಂಜಿನ್ ಕೂಗಿದಾಗ ಬುಟ್ಟಿಯೊಳಗೆ ಅವನ ಮೈ ಬಿಗಿದದ್ದು ನನ್ನ ತೊಡೆಗೇ ಗೊತ್ತಾಯಿತು. ಎರಡೂ ಕೈಯಿಂದ ಬುಟ್ಟಿಯನ್ನು ತಬ್ಬಿ, ಊಟ ಹಾಕುವಾಗ ದಿನಾ ಹೇಳುವ ಮಾತನ್ನೇ ಅದೇ ದನಿಯಲ್ಲಿ ಹೇಳುತ್ತಾ ಹೋದೆ. “ಬಾ ಕಂದ, ಊಟ ಮಾಡು ಬಾ.” ಬೇರೆ ಮಾತು ಹುಡುಕಲಿಲ್ಲ. ಶಾಲಿನ ಅಂಚು ಎತ್ತಿ ನೋಡಿದೆ. ಕಿವಿ ಮಡಿಸಿದ್ದ, ಕಣ್ಣಿನ ಪಾಪೆ ಹಿಗ್ಗಿ ಕಣ್ಣೆಲ್ಲ ಕಪ್ಪಾಗಿತ್ತು. ಬಾಯಿ ಮಾತ್ರ ಮುಚ್ಚಿತ್ತು. ಬೆಕ್ಕು ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಟ್ಟರೆ ಅದು ತುಂಬಾ ಕಷ್ಟದಲ್ಲಿದೆ ಎಂದು ಅರ್ಥ.

ಕ್ಲಿನಿಕ್ ಒಳಗೆ ಆಗಲೇ ಒಂದು ಲ್ಯಾಬ್ರಡಾರ್ ಇತ್ತು. ನಾನು ಹೊರಗೆ ಹೊಂಗೆ ಮರದ ಕೆಳಗೆ ಕುರ್ಚಿಯ ಮೇಲೆ ಬುಟ್ಟಿ ಇಟ್ಟುಕೊಂಡು, ಕರೆಯುವವರೆಗೆ ಅಲ್ಲೇ ಇದ್ದೆ.

ಡಾಕ್ಟರ್ ಬೆಲ್ಲನನ್ನು ಹೊರಗೆ ಎಳೆಯಲಿಲ್ಲ. ಬುಟ್ಟಿಯ ಕ್ಲಿಪ್ ಬಿಚ್ಚಿ ಮೇಲಿನ ಅರ್ಧ ತೆಗೆದರು. ಕೆಳಗಿನ ಅರ್ಧದಲ್ಲಿ, ಅಮ್ಮನ ಸೀರೆಯ ಮೇಲೆ ಅವನು ಹಾಗೇ ಇದ್ದ. ತಲೆಯ ಮೇಲೆ ಟವೆಲ್ ಮುಚ್ಚಿ, ಬೆರಳು ಮೂಸಲು ಕೊಟ್ಟು, ಆಮೇಲೆ ಹೊಟ್ಟೆ ಮುಟ್ಟಿದರು. ಅವನು ಒಂದು ಸಲ ಬುಸ್ ಎಂದ. ಅವರು ಕೈ ಹಾಗೇ ನಿಲ್ಲಿಸಿ ಕಾದರು. ಆ ಕಾಯುವಿಕೆಗೆ ನಾನು ಅವರಿಗೆ ಯಾವಾಗಲೂ ಋಣಿ.

“ಕಟ್ಟಿದ್ದರೆ ಮೂತ್ರಕೋಶ ಗಟ್ಟಿ ಚೆಂಡಿನ ಥರ ಕೈಗೆ ಸಿಗುತ್ತೆ. ಇದು ಚಿಕ್ಕದಿದೆ, ಮೆತ್ತಗಿದೆ.” ಆಗ ನಾನು ಉಸಿರು ಬಿಟ್ಟೆ. ಸ್ಕ್ಯಾನ್‌ನಲ್ಲೂ ಕಲ್ಲು ಕಾಣಲಿಲ್ಲ. ಮೈಯ ಬಿಸಿ 101.8. ಬೆಕ್ಕಿಗೆ 102.5ರವರೆಗೂ ಸಹಜವೇ. ಎದೆಬಡಿತ ನಿಮಿಷಕ್ಕೆ 210. “ಇದು ಹೆದರಿಕೆಯದು. ಜಾಸ್ತಿ ಹೆದರಿದ್ದರೆ ರಕ್ತದಲ್ಲಿ ಸಕ್ಕರೆಯೂ ಏರುತ್ತೆ, ಇಲ್ಲದ ಡಯಾಬಿಟಿಸ್ ಇದೆ ಅನ್ನೋ ಹಾಗೆ ಕಾಣುತ್ತೆ” ಎಂದರು.

ಆಮೇಲೆ ಕೇಳಿದರು. “ಮನೆಯಲ್ಲಿ ಈಚೆಗೆ ಏನಾದ್ರೂ ಬದಲಾಯ್ತಾ?”

ಹಬ್ಬಕ್ಕೆ ಮನೆಗೆ ಬಣ್ಣ ಹೊಡೆಸಿದ್ದೆವು. ವಾರವಿಡೀ ಹೊಸಬರ ಓಡಾಟ, ಪೇಂಟ್ ವಾಸನೆ, ಜಾಗ ಬದಲಾದ ಸಾಮಾನು. ಮೇಲೆ ಮೂರು ರಾತ್ರಿ ಪಟಾಕಿ. ಬೆಲ್ಲ ಆ ಮೂರೂ ರಾತ್ರಿ ಬುಟ್ಟಿಯೊಳಗೇ ಇದ್ದ. ಹೇಳುತ್ತಾ ಹೋದ ಹಾಗೆ ನನಗೇ ಅರ್ಥವಾಗತೊಡಗಿತು. ಯಾವ ರೋಗಾಣುವೂ ಇಲ್ಲದೆ, ಕಲ್ಲೂ ಇಲ್ಲದೆ ಬೆಕ್ಕಿನ ಮೂತ್ರಕೋಶ ಹೀಗೆ ಉರಿಯೂತಕ್ಕೆ ಸಿಗುವುದುಂಟು, ಅದನ್ನು ಕೆರಳಿಸುವುದರಲ್ಲಿ ಭಯ, ಒತ್ತಡದ ಪಾಲು ದೊಡ್ಡದು ಎಂದು ಅವರು ವಿವರಿಸಿದರು. ನೋವಿಗೆ ಇಂಜೆಕ್ಷನ್ ಕೊಟ್ಟರು. ಬೆಕ್ಕಿನ ಒಣ ತಿಂಡಿಯ ಬದಲು ನೀರಿನಂಶ ಜಾಸ್ತಿ ಇರುವ ಊಟ, ಮನೆಯ ನಾಲ್ಕು ಕಡೆ ನೀರಿನ ಬಟ್ಟಲು, ಅವಿತುಕೊಳ್ಳಲು ಜಾಗ. ಇಂದು ರಾತ್ರಿಯೊಳಗೆ ಚೆನ್ನಾಗಿ ಉಚ್ಚೆ ಮಾಡದಿದ್ದರೆ ಎಷ್ಟೊತ್ತಾದರೂ ಫೋನ್ ಮಾಡಿ ಎಂದರು.

ಮನೆಗೆ ಬಂದ ಮೇಲೆ ಬುಟ್ಟಿಯ ಬಾಗಿಲು ತೆಗೆದು ದೂರ ಸರಿದೆ. ಅವನು ಹೊರಬಂದು ನನ್ನ ಕಾಲಿಗೆ ಕೆನ್ನೆ ಉಜ್ಜಿದ. ಈ ಸಲ ಮಂಚದ ಕೆಳಗೆ ಹೋಗಲಿಲ್ಲ. ಅಮ್ಮ ಹೊಸ ಬಣ್ಣದ ಗೋಡೆ ನೋಡುತ್ತಾ, “ಮುಂದಿನ ಸಲ ಒಂದೊಂದೇ ಕೋಣೆ ಹೊಡೆಸೋಣ” ಎಂದರು.

ರಾತ್ರಿ ಹಾಲ್‌ನ ದೀಪ ಆರಿಸಿ ಇಬ್ಬರೂ ಸೋಫಾದ ಮೇಲೆ ಕೂತಿದ್ದೆವು. ಅವನ ನೆರಳು ಎರಡು ಸಲ ಟ್ರೇವರೆಗೆ ಹೋಗಿ ವಾಪಸಾಯಿತು. ಹನ್ನೊಂದೂವರೆಗೆ ಮರಳು ಕೆದಕುವ ಸದ್ದು ಕೇಳಿತು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮರಳು ಮುಚ್ಚುವ ಸದ್ದು. ಅಮ್ಮ ನನಗಿಂತ ಮೊದಲೇ ಎದ್ದು ಹೋಗಿ ಟಾರ್ಚ್ ಬಿಟ್ಟು ನೋಡಿದರು.

“ಬಂತು ಕಣೇ. ನಿಂಬೆಹಣ್ಣಿನಷ್ಟು ಇದೆ.”