ಹಳೇ ಮಾರುತಿ 800ರಲ್ಲಿ ಮೇಲುಕೋಟೆಗೆ ಹೊರಟಿದ್ದೀರಾ?

ಮೈಸೂರಿನಿಂದ ಮೇಲುಕೋಟೆಗೆ ಸುಮಾರು 50 ಕಿ.ಮೀ. ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ ದಾಟಿ ಬೆಟ್ಟ ಹತ್ತಬೇಕು. ಹೊಸ ಗಾಡಿಗೆ ಇದೇನೂ ದೊಡ್ಡ ದಾರಿಯಲ್ಲ. ನಮ್ಮದು ಕಾರ್ಬುರೇಟರ್ (ಗಾಳಿ, ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಇರುವ ಹಳೇ ಮಾರುತಿ 800. ಊರೊಳಗೆ ಚೆನ್ನಾಗಿಯೇ ಓಡುತ್ತಿತ್ತು. ಹೊರಗೆ ಹೋದಾಗ ಮಾತ್ರ ಒಮ್ಮೊಮ್ಮೆ ಪಿಕಪ್ ಹೋಗಿಬಿಡುತ್ತಿತ್ತು. ಗ್ಯಾರೇಜಿಗೆ ತೆಗೆದುಕೊಂಡು ಹೋದರೆ ಏನೂ ಇಲ್ಲ! ಒಬ್ಬರು ಕಾರ್ಬುರೇಟರನ್ನೇ ಬದಲಾಯಿಸಿ ಅಂದರು, ಇನ್ನೊಬ್ಬರು ಪ್ಲಗ್ಗಿನ ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಅಂದರು. ದುಡ್ಡು ಸುರಿಯುವ ಮುಂಚೆ ಯಾವಾಗ ಹೀಗಾಗುತ್ತದೆ ಅಂತ ನಾವೇ ನೋಡೋಣ ಅನ್ನಿಸಿತು. ಅದಕ್ಕೆ ಈ ದಾರಿ ಹೇಳಿ ಮಾಡಿಸಿದಂತಿದೆ: ಮೊದಲು ಸಮತಟ್ಟು, ಕೊನೆಯಲ್ಲಿ ಏರು.

ಬೆಳಿಗ್ಗೆ ಬೇಗ ಹೊರಡಿ. ಬಿಸಿಲಿಗೆ ಮುಂಚೆ ಬೆಟ್ಟ ಹತ್ತಿದರೆ ಗಾಡಿಗೂ ಒಳ್ಳೆಯದು, ಯೋಗಾನರಸಿಂಹನ ಮೆಟ್ಟಿಲು ಹತ್ತುವ ನಿಮಗೂ ಒಳ್ಳೆಯದು. ಶ್ರೀರಂಗಪಟ್ಟಣದವರೆಗೆ ಸಾಧ್ಯವಾದಷ್ಟು ಸರ್ವಿಸ್ ರಸ್ತೆಯಲ್ಲೇ ಹೋಗಿ. ಇದ್ದಕ್ಕಿದ್ದಂತೆ ಎಳೆಯುವುದನ್ನು ನಿಲ್ಲಿಸುವ ಗಾಡಿಯನ್ನು ಎಕ್ಸ್‌ಪ್ರೆಸ್ ವೇ ಮಧ್ಯಕ್ಕೆ ಒಯ್ಯಬೇಡಿ. ಪಾಂಡವಪುರದ ಕಡೆ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡರೆ ತಾಳ್ಮೆ ಇರಲಿ, ಓವರ್‌ಟೇಕ್ ಮಾಡುವಾಗಲೇ ಪಿಕಪ್ ಹೋದರೆ ಕಷ್ಟ. ಗಾಡಿ ನಿಲ್ಲಿಸಲೇಬೇಕಾದರೆ ನಾಲೆ ಏರಿಯ ಮೇಲೆ ಬೇಡ. ಅಗಲ ಜಾಗ ಸಿಗುವವರೆಗೆ ನಿಧಾನವಾಗಿ ಹೋಗಿ.

ನಮಗೆ ಜಕ್ಕನಹಳ್ಳಿವರೆಗೆ ಯಾವ ತೊಂದರೆಯೂ ಆಗಲಿಲ್ಲ. ಏರು ಶುರುವಾಗಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಜಾಸ್ತಿ ಒತ್ತಿದ್ದೇ ತಡ, ಗಾಡಿ ಮುಗ್ಗರಿಸತೊಡಗಿತು. ಕಾಲು ಸಡಿಲಿಸಿದರೆ ಸರಿ, ಒತ್ತಿದರೆ ಮತ್ತೆ ಜರ್ಕ್. ಇಲ್ಲಿ ಗಮನ ಕೊಡಬೇಕು. ಕರೆಂಟ್ ಕಡೆಯ ತೊಂದರೆಯಾದರೆ ಸಾಮಾನ್ಯವಾಗಿ ಸ್ವಿಚ್ ಆರಿಸಿದ ಹಾಗೆ ಪಟ್ಟಂತ ಕಟ್ ಆಗುತ್ತದೆ, ಸಮತಟ್ಟಿನಲ್ಲೂ ಆಗಬಹುದು. ಬಿಸಿಯಾದ ಕಾಯಿಲ್ ಆದರೆ ತಣ್ಣಗಾಗುವವರೆಗೆ ಸ್ಟಾರ್ಟ್ ಆಗುವುದೂ ಕಷ್ಟ. ನಮ್ಮದು ಭಾರ ಬಿದ್ದಾಗ ಮಾತ್ರ ಸೊರಗುತ್ತಿತ್ತು. ಪೆಟ್ರೋಲ್ ಸಾಲುತ್ತಿಲ್ಲ ಅನ್ನುವುದಕ್ಕೆ ಇದು ಮೊದಲ ಸುಳಿವು.

ಖಾತ್ರಿ ಮಾಡಿಕೊಳ್ಳಲು ಚೋಕ್ ಸಾಕು. ಗಾಡಿ ಜರ್ಕ್ ಹೊಡೆಯುತ್ತಿರುವಾಗಲೇ ಚೋಕನ್ನು ಸ್ವಲ್ಪ ಎಳೆಯಿರಿ. ಚೋಕ್ ಗಾಳಿಯನ್ನು ಕಡಿಮೆ ಮಾಡಿ ಪೆಟ್ರೋಲ್ ಪಾಲು ಹೆಚ್ಚಿಸುತ್ತದೆ. ಆಗ ಎಳೆತ ಬಂದರೆ ಪೆಟ್ರೋಲ್ ಕೊರತೆ ಅಂತಲೇ ಲೆಕ್ಕ. ನಮಗೆ ತಕ್ಷಣ ಬಂತು.

ಮುಂದಿನದು ಟ್ಯಾಂಕ್ ಮುಚ್ಚಳ. ಅದರ ಗಾಳಿ ತೂತು ಕಟ್ಟಿಕೊಂಡರೆ ಒಳಗೆ ನಿರ್ವಾತವಾಗಿ, ಗಾಡಿಯ ಪಂಪಿಗೆ ಟ್ಯಾಂಕಿನಿಂದ ಪೆಟ್ರೋಲ್ ಎಳೆಯಲು ಆಗುವುದಿಲ್ಲ. ಗಾಡಿ ಸೊರಗಿದ ಕೂಡಲೇ ನಿಲ್ಲಿಸಿ ಮುಚ್ಚಳ ತಿರುಗಿಸಿ. ಗಾಳಿ ಸುಯ್ಯಂತ ಒಳಗೆ ನುಗ್ಗಿ, ಆಮೇಲೆ ಗಾಡಿ ಚೆನ್ನಾಗಿ ಹೋದರೆ ತಪ್ಪು ಅಲ್ಲೇ ಇದೆ. ನಮ್ಮಲ್ಲಿ ಸದ್ದೇ ಬರಲಿಲ್ಲ.

ಚೋಕ್ ಹಿಡಿದುಕೊಂಡೇ ಮೇಲುಕೋಟೆ ಸೇರಿದೆವು. ದರ್ಶನ, ಕಲ್ಯಾಣಿ, ಪುಳಿಯೋಗರೆ ಎಲ್ಲ ಮುಗಿಯುವಷ್ಟರಲ್ಲಿ ಇಂಜಿನ್ ತಣ್ಣಗಾಗಿತ್ತು. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಪೈಪ್ ಖಂಡಿತ ಬಿಚ್ಚಬೇಡಿ. ಬಾನೆಟ್ ಎತ್ತಿ, ಒಬ್ಬರು ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತುತ್ತಿದ್ದರೆ ಇನ್ನೊಬ್ಬರು ಪೆಟ್ರೋಲ್ ಪೈಪಿನ ಪ್ಲಾಸ್ಟಿಕ್ ಫಿಲ್ಟರ್ ನೋಡಬೇಕು. ಒಳಗೆ ಸಣ್ಣ ಸಣ್ಣ ಗುಳ್ಳೆ ಓಡುತ್ತಿದ್ದವು! ಇಂಜಿನ್ ಆರಿಸಿ, ಫಿಲ್ಟರಿಗೆ ಬರುವ ರಬ್ಬರ್ ಪೈಪನ್ನು ಕ್ಲಿಪ್ ಹತ್ತಿರ ಬಗ್ಗಿಸಿದಾಗ ಕೂದಲೆಳೆಯಂಥ ಬಿರುಕುಗಳು ಬಾಯಿ ತೆರೆದವು. ಒಂದು ಹನಿಯೂ ಸೋರಿರಲಿಲ್ಲ, ವಾಸನೆಯೂ ಇರಲಿಲ್ಲ. ಈ ಗಾಡಿಯಲ್ಲಿ ಪಂಪ್ ಇರುವುದು ಮುಂದೆ ಇಂಜಿನ್ ಬಳಿ, ಟ್ಯಾಂಕ್ ಇರುವುದು ಗಾಡಿಯ ಹಿಂಭಾಗದಲ್ಲಿ. ಅಷ್ಟು ದೂರದಿಂದ ಎಳೆಯುವಾಗ ಪೈಪ್ ಸೋರುವುದಿಲ್ಲ, ಗಾಳಿ ಎಳೆದುಕೊಳ್ಳುತ್ತದೆ. ಎಳನೀರು ಕುಡಿಯುವಾಗ ಸ್ಟ್ರಾ ಸೀಳಿದ್ದರೆ ಬರೀ ಗಾಳಿಯೇ ಬಾಯಿಗೆ ಬರುತ್ತದಲ್ವಾ, ಹಾಗೆ. ಊರೊಳಗಿನ ನಿಧಾನ ಓಟಕ್ಕೆ ಬಂದಷ್ಟು ಪೆಟ್ರೋಲ್ ಸಾಕು, ಏರಿನಲ್ಲಿ ಸಾಲುವುದಿಲ್ಲ.

ಬಿರುಕಿನ ತುದಿಯನ್ನು ಬ್ಲೇಡಿನಿಂದ ಕತ್ತರಿಸಿ, ಗಟ್ಟಿ ಇರುವ ಕಡೆ ಕ್ಲಿಪ್ ಹಾಕಿದೆವು. ಜಕ್ಕನಹಳ್ಳಿವರೆಗೆ ಇಳಿದು, ಮತ್ತೆ ಅದೇ ಏರು ಹತ್ತಿಸಿ ನೋಡಿದೆವು. ಒಂದು ಕಡೆಯೂ ಮುಗ್ಗರಿಸಲಿಲ್ಲ. ಹೀಗೆ ಮತ್ತೆ ಹತ್ತಿಸಿ ನೋಡುವುದು ಬಹಳ ಮುಖ್ಯ. ಆಗಾಗ ಬಂದು ಹೋಗುವ ತೊಂದರೆ ಸುಮ್ನೆ ಅಡಗಿ ಕುಳಿತಿರಬಹುದು.

ಹಳೇ ಗಾಡಿ ಇರುವವರೆಲ್ಲ ಈ ಪೈಪ್‌ಗಳನ್ನು ದಯವಿಟ್ಟು ಒಮ್ಮೆ ನೋಡಿ. ಈಗ ಬಂಕಿನಲ್ಲಿ ಬರುವ ಪೆಟ್ರೋಲ್‌ನಲ್ಲಿ 20%ವರೆಗೆ ಎಥನಾಲ್ ಇರುತ್ತದೆ. ಅದಕ್ಕೆಂದು ಮಾಡದ ಹಳೇ ರಬ್ಬರ್ ಬೇಗ ಹಾಳಾಗುತ್ತದೆ, ಟ್ಯಾಂಕಿನ ಹಳೇ ಕೊಳೆಯೂ ಎದ್ದು ಫಿಲ್ಟರಿಗೆ ಬರುತ್ತದೆ. ಪೈಪ್ ತರುವಾಗ ಎಥನಾಲ್ ತಡೆಯುವುದನ್ನೇ ಕೇಳಿ ತನ್ನಿ, ಟ್ಯಾಂಕ್ ಬಳಿಯ ತುಂಡನ್ನೂ ಬದಲಾಯಿಸಿ. ಮಾಮೂಲಿ ನೀರಿನ ಪೈಪ್ ಹಾಕಿಸಿಕೊಳ್ಳಬೇಡಿ.

ದಾರಿಗೆ ಒಂದು ಫಿಲ್ಟರ್, ಒಂದಡಿ ಪೈಪ್, ನಾಲ್ಕು ಕ್ಲಿಪ್, ಸ್ಕ್ರೂಡ್ರೈವರ್, ಬಾಟಲಿ ನೀರು, ಹಳೇ ಬಟ್ಟೆ ಇರಲಿ. ಬಿಸಿಲಲ್ಲಿ ಪೆಟ್ರೋಲ್ ಆವಿಯಾಗಿ ಗಾಡಿ ನಿಂತರೆ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಕಾಯಿರಿ. ಟ್ಯಾಂಕ್ ಅರ್ಧಕ್ಕಿಂತ ಜಾಸ್ತಿ ಇರಲಿ. ವೈರಮುಡಿ ಉತ್ಸವದ ಸಮಯದಲ್ಲಿ ಮಾತ್ರ ಹಳೇ ಗಾಡಿ ತರಲೇಬೇಡಿ. ಆ ಜನಜಂಗುಳಿಯಲ್ಲಿ ಏರಿನ ಮೇಲೆ ನಿಂತು ನಿಂತು ಸಾಗಬೇಕಾಗುತ್ತದೆ. ಕಾರನ್ನು ಮನೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಬನ್ನಿ.